ದಾರಿ ಹಕ್ಕು ಎಂದರೇನು? ಪಕ್ಕದವರ ಜಮೀನಿನ ಮೇಲೆ ಓಡಾಡುವ ಅಧಿಕಾರ ಎಲ್ಲಿಂದ ಬರುತ್ತದೆ?

ನಿಮ್ಮ ಜಮೀನಿಗೆ ಹೋಗಿಬರಲು ಬೇರೆಯವರ ಜಮೀನಿನ ಮೇಲೆ ಹಾದುಹೋಗುವ ಹಕ್ಕೇ ದಾರಿ ಹಕ್ಕು. ಆ ನೆಲ ನಿಮ್ಮದಲ್ಲ. ಅಲ್ಲಿ ಬೆಳೆ ಇಡುವಂತಿಲ್ಲ, ಗಿಡ ನೆಡುವಂತಿಲ್ಲ, ಕಲ್ಲುಕಂಬ ಹೂಳುವಂತಿಲ್ಲ. ಹೋಗಬಹುದು, ಬರಬಹುದು, ಅಷ್ಟೇ. ಕಾನೂನಿನಲ್ಲಿ ಇದಕ್ಕೆ ಈಸ್‌ಮೆಂಟ್ ಅಥವಾ ಅನುಭೋಗದ ಹಕ್ಕು ಎನ್ನುತ್ತಾರೆ. 1882ರ ಭಾರತೀಯ ಈಸ್‌ಮೆಂಟ್ ಕಾಯ್ದೆ ಇದಕ್ಕೆ ಆಧಾರ. ನೀರು, ಗಾಳಿ, ಬೆಳಕಿನ ಹಕ್ಕುಗಳೂ ಅದೇ ಕಾಯ್ದೆಯೊಳಗಿವೆ.

ಈ ಹಕ್ಕು ಮನುಷ್ಯರಿಗೆ ಅಂಟಿಕೊಂಡಿಲ್ಲ, ಜಮೀನಿಗೆ ಅಂಟಿಕೊಂಡಿದೆ. ಒಂದು ಜಮೀನಿಗೆ ಅನುಕೂಲ, ಇನ್ನೊಂದಕ್ಕೆ ಹೊರೆ. ಅನುಕೂಲ ಇರುವ ಜಮೀನನ್ನು ಮಾರಿದರೆ ದಾರಿ ಹಕ್ಕೂ ಅದರ ಜೊತೆಗೇ ಕೊಂಡವರಿಗೆ ಹೋಗುತ್ತದೆ. ಎರಡೂ ಜಮೀನು ಪೂರ್ತಿಯಾಗಿ ಒಬ್ಬರದೇ ಆದರೆ ಹಕ್ಕು ಅಲ್ಲಿಗೆ ಮುಗಿಯುತ್ತದೆ. ತನ್ನ ಹೊಲದಲ್ಲಿ ತಾನು ಓಡಾಡಲು ಯಾರಿಗೂ ಬೇರೆ ಹಕ್ಕು ಬೇಕಿಲ್ಲ, ಅಲ್ವಾ?

ಜಗಳ ಶುರುವಾದ ಕೂಡಲೇ ಮೊದಲು ನೋಡಬೇಕಾದದ್ದು ಗ್ರಾಮ ನಕಾಶೆ. ಕಾಲುದಾರಿ, ಬಂಡಿದಾರಿಗಳನ್ನು ಅದರಲ್ಲಿ ಚುಕ್ಕೆ ಗೆರೆಗಳಿಂದ ಗುರುತು ಮಾಡಿರುತ್ತಾರೆ. ಜನ ಇದನ್ನು ‘ನಕಾಶೆ ಕಂಡ ದಾರಿ’ ಎನ್ನುತ್ತಾರೆ. ಪಹಣಿಯಲ್ಲಿ ಖರಾಬು, ಅಂದರೆ ಸಾಗುವಳಿಗೆ ಲೆಕ್ಕವಿಲ್ಲದ ಜಾಗ, ಎಷ್ಟಿದೆ ಎಂಬುದನ್ನೂ ನೋಡಿ. ಸಾರ್ವಜನಿಕ ದಾರಿ, ಹಳ್ಳ ಮುಂತಾದವುಗಳಿಗೆ ಬಿಟ್ಟ ಜಾಗ ‘ಬಿ’ ಖರಾಬಿನಲ್ಲಿ ಬರುತ್ತದೆ. ಸಾರ್ವಜನಿಕ ದಾರಿಗಳು ಸರ್ಕಾರದ ಸ್ವತ್ತು ಎಂದು 1964ರ ಕರ್ನಾಟಕ ಭೂ ಕಂದಾಯ ಕಾಯ್ದೆಯ 67ನೇ ಕಲಂ ಹೇಳುತ್ತದೆ. ನಿಮ್ಮ ದಾರಿ ಅಂಥದ್ದಾದರೆ ಈಸ್‌ಮೆಂಟಿನ ಮಾತೇ ಬೇಡ. ಅದನ್ನು ಉತ್ತು ಬೆಳೆ ಇಟ್ಟವರು ಒತ್ತುವರಿ ಮಾಡಿದಂತೆ. ಅಳತೆ ಮಾಡಿಸಿ, ತೆರವಿಗೆ ತಹಶೀಲ್ದಾರರಿಗೆ ಅರ್ಜಿ ಕೊಡಬೇಕು. ಇಷ್ಟನ್ನು ನೋಡಿಕೊಳ್ಳದೆ ನೇರ ಸಿವಿಲ್ ಕೋರ್ಟಿಗೆ ಹೋದರೆ ಸುಮ್ನೆ ವರ್ಷಗಳು ಕಳೆದುಹೋಗುತ್ತವೆ.

ನಕಾಶೆಯಲ್ಲಿ ದಾರಿ ಇಲ್ಲ, ಆದರೂ ಅಲ್ಲೇ ಓಡಾಡಿದ್ದೇವೆ ಎನ್ನುವಾಗ ಈಸ್‌ಮೆಂಟ್ ಮುಖ್ಯವಾಗುತ್ತದೆ. ಎಲ್ಲಕ್ಕಿಂತ ಗಟ್ಟಿಯಾದದ್ದು ಬರವಣಿಗೆಯಲ್ಲಿ ಕೊಟ್ಟ ಹಕ್ಕು. ಕ್ರಯಪತ್ರದಲ್ಲೋ ಪಾಲುಪತ್ರದಲ್ಲೋ ‘ದಾರಿ ಬಿಟ್ಟಿದೆ’ ಎಂದು ಬರೆದಿದ್ದರೆ, ಆಮೇಲೆ ನಿಮಗೆ ಬೇರೆ ದಾರಿ ಸಿಕ್ಕಿತು ಎಂಬ ಕಾರಣಕ್ಕೆ ಅದನ್ನು ಕಿತ್ತುಕೊಳ್ಳಲು ಆಗುವುದಿಲ್ಲ. ತಮಿಳುನಾಡಿನ ಒಂದು ಮೊಕದ್ದಮೆಯಲ್ಲಿ 2006ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟವಾಗಿ ಹೇಳಿದೆ.

ಬರವಣಿಗೆ ಇಲ್ಲದಿದ್ದರೆ ಹೆಚ್ಚಿನವರು ಹೇಳುವುದು ರೂಢಿಯ ಮಾತು. ‘ನಮ್ಮ ತಾತನ ಕಾಲದಿಂದ ಇಲ್ಲೇ ಗಾಡಿ ಹೊಡೆದಿದ್ದೇವೆ.’ ಈಸ್‌ಮೆಂಟ್ ಕಾಯ್ದೆಯ 15ನೇ ಕಲಂ ಇದನ್ನು ಒಪ್ಪುತ್ತದೆ. ಆದರೆ ಷರತ್ತುಗಳಿವೆ. 20 ವರ್ಷ ಓಡಾಡಿರಬೇಕು, ದಾರಿ ಹಾದುಹೋಗುವ ಜಮೀನು ಸರ್ಕಾರದ್ದಾದರೆ 30 ವರ್ಷ. ಕದ್ದುಮುಚ್ಚಿ ಅಲ್ಲ, ಎಲ್ಲರಿಗೂ ಕಾಣುವಂತೆ. ಜಗಳವಿಲ್ಲದೆ, ಅಡ್ಡಿಯಿಲ್ಲದೆ. ಎಲ್ಲಕ್ಕಿಂತ ಮುಖ್ಯವಾಗಿ, ಹಕ್ಕಿನಿಂದ ಓಡಾಡಿರಬೇಕು, ಅಪ್ಪಣೆ ಪಡೆದು ಅಲ್ಲ. ಆ 20 ವರ್ಷದ ಓಡಾಟ ಕೊನೆಗೊಂಡದ್ದು ದಾವೆ ಹಾಕುವ ಹಿಂದಿನ ಎರಡು ವರ್ಷದೊಳಗೆ ಆಗಿರಬೇಕು. ಎಂದೋ ಓಡಾಡಿ ಆಮೇಲೆ ಬಿಟ್ಟ ದಾರಿಗೆ ಈ ಕಲಂ ಕೆಲಸಕ್ಕೆ ಬರುವುದಿಲ್ಲ.

ಹಳ್ಳಿಯ ಜನ ಎಡವುವುದು ಈ ಅಪ್ಪಣೆಯ ವಿಷಯದಲ್ಲೇ. ‘ಹೋಗಿ ಬಾರಪ್ಪ, ದಾರಿಗೇನು ಬಡತನವೇ’ ಎಂದು ಪಕ್ಕದ ಯಜಮಾನರು ಹೇಳಿದರು. ಇವರು ಓಡಾಡಿದರು. ಒಳ್ಳೆಯ ಸಂಬಂಧ, ಯಾರದೂ ತಪ್ಪಿಲ್ಲ. ಆದರೆ ಕಾನೂನಿನ ಕಣ್ಣಲ್ಲಿ ಅದು ಬರೀ ಅನುಮತಿ, ಅಂದರೆ ಲೈಸೆನ್ಸ್. ಅದು ಎಷ್ಟು ವರ್ಷ ನಡೆದರೂ ಅಷ್ಟರಿಂದಲೇ ಹಕ್ಕಾಗುವುದಿಲ್ಲ. ಕೊಟ್ಟವರು ಸಾಮಾನ್ಯವಾಗಿ ಅದನ್ನು ವಾಪಸ್ ಪಡೆಯಬಹುದು. ಅವರು ಜಮೀನು ಮಾರಿದರಂತೂ, ಕೊಂಡವರು ಆ ಅನುಮತಿಗೆ ಕಟ್ಟುಬೀಳಬೇಕಿಲ್ಲ ಎಂದು 59ನೇ ಕಲಂ ಹೇಳುತ್ತದೆ. ಕರ್ನಾಟಕದಲ್ಲಿ 2020ರಲ್ಲಿ ಭೂ ಸುಧಾರಣಾ ಕಾಯ್ದೆಯ 79ಎ ಮತ್ತು 79ಬಿ ಕಲಂಗಳನ್ನು ತೆಗೆದ ಮೇಲೆ ಕೃಷಿಕರಲ್ಲದವರೂ ಜಮೀನು ಕೊಳ್ಳಬಹುದಾಗಿದೆ. ಹೊರಗಿನಿಂದ ಬಂದವರಿಗೆ ಊರಿನ ಹಳೆಯ ಬಾಯಿಮಾತು ಗೊತ್ತಿರುವುದಿಲ್ಲ. ಅವರು ಮೊದಲು ಹಾಕಿಸುವುದೇ ತಂತಿ ಬೇಲಿ. ಅವರನ್ನು ಬೈದು ಪ್ರಯೋಜನವಿಲ್ಲ. ಬಾಯಿಮಾತನ್ನು ಕಾಲಕ್ಕೆ ಸರಿಯಾಗಿ ಬರೆಸಿಕೊಳ್ಳದ್ದು ನಮ್ಮ ಊರುಗಳ ದೊಡ್ಡ ಕೊರತೆ ಎಂದು ನನಗನ್ನಿಸುತ್ತದೆ.

ಇನ್ನೊಂದು ಬಗೆ ಅಗತ್ಯದ ದಾರಿ, ಈಸ್‌ಮೆಂಟ್ ಕಾಯ್ದೆಯ 13ನೇ ಕಲಂ. ‘ನನ್ನ ಜಮೀನಿಗೆ ದಾರಿಯೇ ಇಲ್ಲ, ಆದ್ದರಿಂದ ಪಕ್ಕದವರು ಕೊಡಲೇಬೇಕು’ ಎಂದು ತುಂಬಾ ಜನ ನಂಬಿದ್ದಾರೆ. ಅದು ಅರ್ಧ ಮಾತ್ರ ನಿಜ. ಎರಡೂ ಜಮೀನು ಹಿಂದೆ ಒಂದೇ ಸ್ವತ್ತಾಗಿದ್ದು, ಪಾಲು, ಮಾರಾಟ ಅಥವಾ ಉಯಿಲಿನಿಂದ ಒಡೆದಿದ್ದರೆ ಮಾತ್ರ ಈ ಹಕ್ಕು ಹುಟ್ಟುತ್ತದೆ. ಅಣ್ಣತಮ್ಮಂದಿರ ಪಾಲನ್ನೇ ನೋಡಿ. ರಸ್ತೆ ಕಡೆಯ ಎರಡು ಎಕರೆ ಅಣ್ಣನಿಗೆ, ಹಿಂದಿನ ಎರಡು ಎಕರೆ ತಮ್ಮನಿಗೆ ಬಂತು. ಪಾಲುಪತ್ರದಲ್ಲಿ ದಾರಿಯ ಮಾತಿಲ್ಲ. ತಮ್ಮನ ಹೊಲಕ್ಕೆ ಬೇರೆ ಯಾವ ಕಡೆಯಿಂದಲೂ ದಾರಿ ಇಲ್ಲದಿದ್ದರೆ ಅಣ್ಣನ ಪಾಲಿನ ಮೇಲೆ ಅವನಿಗೆ ಹಕ್ಕಿದೆ. ಆದರೆ ಹಳ್ಳ ಬಳಸಿ ಹೋಗುವ ಸುತ್ತುದಾರಿ ಇದ್ದರೆ, ಅದು ಎಷ್ಟೇ ದೂರವಾದರೂ, ಅಗತ್ಯ ಎಂಬ ವಾದ ನಿಲ್ಲುವುದು ಕಷ್ಟ. ಕಾನೂನು ಇಲ್ಲಿ ಅನುಕೂಲ ನೋಡುವುದಿಲ್ಲ. ದಾರಿ ಎಲ್ಲಿ ಬಿಡಬೇಕು ಎಂದು ತೋರಿಸುವ ಅಧಿಕಾರ ಜಮೀನಿನ ಒಡೆಯ ಅಣ್ಣನದು, ಆದರೆ ಅದು ಓಡಾಡಲು ತಕ್ಕಮಟ್ಟಿಗೆ ಅನುಕೂಲವಾಗಿರಬೇಕು. ನಾಳೆ ತಮ್ಮನ ಹೊಲದ ಹಿಂದೆಯೇ ರಸ್ತೆ ಬಂದರೆ ಅಗತ್ಯ ಮುಗಿಯಿತು, ಹಕ್ಕೂ ಮುಗಿಯಿತು.

ಹಕ್ಕು ಇದ್ದರೂ ಅದಕ್ಕೆ ಅಳತೆ ಇದೆ. ಒಂದು ಬಗೆಯ ದಾರಿ ಹಕ್ಕಿನಲ್ಲಿ ಇನ್ನೊಂದು ಬಗೆಯದು ಸೇರಿರುವುದಿಲ್ಲ ಎಂದು 28ನೇ ಕಲಂ ಹೇಳುತ್ತದೆ. ಬದುವಿನ ಮೇಲೆ ತಲೆಹೊರೆ ಹೊತ್ತು ನಡೆದ ರೂಢಿಯನ್ನು ತೋರಿಸಿ ಟ್ರ್ಯಾಕ್ಟರ್ ದಾರಿ ಕೇಳಲಾಗದು. ಕಬ್ಬಿನ ಲೋಡು, ಕೊಯ್ಲು ಯಂತ್ರ, ಜೆಸಿಬಿ ಎಲ್ಲ ಬಂದ ಮೇಲೆ ಹೆಚ್ಚಿನ ಜಗಳ ಈ ಅಗಲದ್ದೇ. ದಾರಿ ಬಿಟ್ಟುಕೊಟ್ಟವರ ಕಷ್ಟವೂ ಇಲ್ಲಿ ನಿಜವಾದದ್ದು. ಎಂಟು ಹತ್ತು ಅಡಿ ಅಗಲ ಹೋದರೆ ಒಂದು ಸಾಲು ತೆಂಗು ಹೋದಂತೆ. ಆದ್ದರಿಂದಲೇ ಹಕ್ಕುಳ್ಳವರು ಆದಷ್ಟು ಕಡಿಮೆ ತೊಂದರೆಯಾಗುವಂತೆ ಓಡಾಡಬೇಕು, ದಾರಿಯ ದುರಸ್ತಿ ಖರ್ಚನ್ನೂ ತಾವೇ ಹೊರಬೇಕು ಎಂದು ಕಾಯ್ದೆ ಕಟ್ಟುಮಾಡಿದೆ.

ದಾರಿಗೆ ಅಡ್ಡ ಗುಂಡಿ ತೋಡಿದರೆ, ಬೇಲಿ ಹಾಕಿದರೆ ಏನು ಮಾಡಬೇಕು? ಬೇಲಿ ಕಿತ್ತುಹಾಕಬೇಡಿ. ಅಲ್ಲಿಂದ ಕ್ರಿಮಿನಲ್ ಕೇಸು ಶುರುವಾಗುತ್ತದೆ, ದಾರಿಯ ಪ್ರಶ್ನೆ ಮೂಲೆ ಸೇರುತ್ತದೆ. ಶಾಂತಿ ಕದಡುವ ಸ್ಥಿತಿ ಇದ್ದರೆ ತಾಲ್ಲೂಕು ದಂಡಾಧಿಕಾರಿಯಾಗಿ ತಹಶೀಲ್ದಾರರು ವಿಚಾರಣೆ ನಡೆಸಿ, ಅಡ್ಡಿ ಮಾಡಬಾರದೆಂದು ಆದೇಶ ಕೊಡಬಹುದು. ಹಿಂದೆ ಇದು ದಂಡ ಪ್ರಕ್ರಿಯಾ ಸಂಹಿತೆಯ 147ನೇ ಕಲಂ ಆಗಿತ್ತು. 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 166ನೇ ಕಲಂ ಆಗಿದೆ. ಇಲ್ಲಿ ಒಂದು ಗಡುವಿದೆ. ವರ್ಷಪೂರ್ತಿ ಬಳಸುವ ದಾರಿಯಾದರೆ ದೂರು ಕೊಡುವ ಹಿಂದಿನ ಮೂರು ತಿಂಗಳೊಳಗೆ ಅಲ್ಲಿ ಓಡಾಡಿರಬೇಕು. ಸುಗ್ಗಿಗೆ ಮಾತ್ರ ಬಳಸುವ ದಾರಿಯಾದರೆ ಕಳೆದ ಸುಗ್ಗಿಯಲ್ಲಿ ಓಡಾಡಿರಬೇಕು. ‘ಹಬ್ಬ ಮುಗಿಯಲಿ, ನೋಡೋಣ’ ಎಂದು ತಡ ಮಾಡಿದರೆ ಈ ಬಾಗಿಲು ಮುಚ್ಚುತ್ತದೆ.

ಹಕ್ಕು ಯಾರದೆಂದು ಕೊನೆಯದಾಗಿ ತೀರ್ಮಾನಿಸುವುದು ಸಿವಿಲ್ ಕೋರ್ಟು. ಅಲ್ಲಿ ವಾದಪತ್ರ ಬರೆಸುವಾಗ ಎಚ್ಚರ ಬೇಕು. ‘ಜಾಗ ನನ್ನದೇ’ ಎಂದಷ್ಟೇ ಹೇಳಿ, ಅದು ಸೋತ ಮೇಲೆ ‘ಹೋಗಲಿ, ದಾರಿ ಹಕ್ಕಾದರೂ ಕೊಡಿ’ ಎನ್ನಲಾಗದು. ವಾದಪತ್ರದಲ್ಲಿ ಕೇಳದ ಈಸ್‌ಮೆಂಟ್ ಹಕ್ಕನ್ನು ಕೋರ್ಟು ತಾನಾಗಿ ಕೊಡಬಾರದು ಎಂದು ಸುಪ್ರೀಂ ಕೋರ್ಟ್ 2008ರಲ್ಲಿ ತೀರ್ಪು ಕೊಟ್ಟಿದೆ. ದಾರಿ ಎಲ್ಲಿಂದ ಎಲ್ಲಿಗೆ, ಎಷ್ಟು ಅಗಲ, ಯಾವಾಗಿನಿಂದ, ಯಾವ ಬಗೆಯ ಹಕ್ಕು ಎಂಬುದೆಲ್ಲ ಮೊದಲ ದಿನವೇ ಬರವಣಿಗೆಯಲ್ಲಿರಬೇಕು. ಕೈನಕ್ಷೆಯನ್ನೂ ಜೊತೆಗಿಡಬೇಕು.

ಈಗ ಪಾಲು ಮಾಡಿಕೊಳ್ಳುತ್ತಿರುವವರು, ಜಮೀನು ಕೊಳ್ಳುತ್ತಿರುವವರು ಪತ್ರದ ಕರಡು ತೆಗೆದು ನೋಡಿ. ಚೆಕ್ಕುಬಂದಿಯಲ್ಲಿ ಬರೀ ‘ಪೂರ್ವಕ್ಕೆ ದಾರಿ’ ಎಂದಿದ್ದರೆ ಸಾಲದು. ಯಾವ ಸರ್ವೆ ನಂಬರಿನ ಯಾವ ಬದುವಿಗೆ ಹೊಂದಿಕೊಂಡು, ಎಷ್ಟು ಅಡಿ ಅಗಲ, ಟ್ರ್ಯಾಕ್ಟರ್ ಮತ್ತು ಲಾರಿ ಓಡಾಡಲು ಸೇರಿ ಎಂದು ಬರೆಸಿ, ನಕ್ಷೆ ಲಗತ್ತಿಸಿ ನೋಂದಣಿ ಮಾಡಿಸಿ.