ಆಟೋ ರಾಜನೂ ಅವ್ರೇ, ಮಾಲ್ಗುಡಿನೂ ಅವ್ರದ್ದೇ: ಶಂಕರ್ ನಾಗ್ 12 ವರ್ಷದ ಓಟ

ಶಂಕರ್ ನಾಗ್ ವಿಷಯ ಬಂದ್ರೆ ಜನ ಎರಡು ಪಾರ್ಟಿ ಆಗ್ಬಿಡ್ತಾರೆ. ಒಂದು ಪಾರ್ಟಿಗೆ ಅವ್ರು ಆಟೋ ರಾಜ, ಕರಾಟೆ ಕಿಂಗ್, ಸಾಂಗ್ಲಿಯಾನ. ಇನ್ನೊಂದು ಪಾರ್ಟಿಗೆ ಮಾಲ್ಗುಡಿ ಡೇಸ್ ಡೈರೆಕ್ಟರ್, ಆ ಫೈಟಿಂಗ್ ಪಿಕ್ಚರ್‌ಗಳ ಹೆಸರು ಎತ್ತಿದ್ರೆ ಒಂಥರಾ ಮುಜುಗರ ಅವ್ರಿಗೆ. ಎರಡೂ ಒಬ್ಬನೇ ಮನುಷ್ಯನ ಕೆಲಸ ಹೇಗಾಯ್ತು ಅಂತ ತಿಳ್ಕೋಬೇಕು ಅಂದ್ರೆ ಶುರುವಿನಿಂದ ನೋಡ್ಬೇಕು, ಯಾಕಂದ್ರೆ ಶುರುವಾಗಿದ್ದು ಸಿನಿಮಾದಲ್ಲಿ ಅಲ್ವೇ ಅಲ್ಲ.

ಹುಟ್ಟಿದ್ದು 1954ರಲ್ಲಿ, ಉತ್ತರ ಕನ್ನಡದ ಹೊನ್ನಾವರ ಕಡೆ. ಆಮೇಲೆ ಅಣ್ಣ ಅನಂತ್ ನಾಗ್ ಥರನೇ ಮುಂಬೈ, ಅಲ್ಲಿ ಮರಾಠಿ ನಾಟಕದ ಗೀಳು ಹತ್ಕೊಳ್ತು. ಮುಂದೆ ಹೆಂಡತಿಯಾದ ಅರುಂಧತಿ ಪರಿಚಯ ಆಗಿದ್ದೂ ಆ ನಾಟಕದ ಸಹವಾಸದಲ್ಲೇ. ಅಲ್ಲಿ ಬರೀ ಡೈಲಾಗ್ ಹೇಳಿ ಹೋಗೋ ನಟ ಆಗಿರ್ಲಿಲ್ಲ ಅವ್ರು, ಬರವಣಿಗೆಗೂ ಕೈ ಹಾಕಿದ್ರು. 1979ರಲ್ಲಿ ಬಂದ '22 ಜೂನ್ 1897' ಅನ್ನೋ ಮರಾಠಿ ಸಿನಿಮಾ ಇದೆ, ಪುಣೆಯಲ್ಲಿ ಪ್ಲೇಗ್ ಟೈಮಲ್ಲಿ ರ‍್ಯಾಂಡ್ ಅನ್ನೋ ಬ್ರಿಟಿಷ್ ಅಧಿಕಾರಿಗೆ ಗುಂಡು ಹಾರಿಸಿದ ಚಾಪೇಕರ್ ಸಹೋದರರ ಕಥೆ, ಅದರ ಚಿತ್ರಕಥೆ ಬರೆದವರಲ್ಲಿ ಶಂಕರ್ ಹೆಸ್ರೂ ಇದೆ. ನಮ್ಮಲ್ಲಿ ಎಷ್ಟೋ ಜನ ಅಭಿಮಾನಿಗಳಿಗೆ ಇದು ಗೊತ್ತೇ ಇಲ್ಲ.

ಕನ್ನಡಕ್ಕೆ ಕರ್ಕೊಂಡು ಬಂದಿದ್ದು ಗಿರೀಶ್ ಕಾರ್ನಾಡ್. 1978ರ 'ಒಂದಾನೊಂದು ಕಾಲದಲ್ಲಿ' ಸಿನಿಮಾದಲ್ಲಿ ಗಂಡುಗಲಿ ಪಾತ್ರ, ದುಡ್ಡಿಗೆ ಕತ್ತಿ ಹಿಡಿಯೋ ಸೈನಿಕ. ಮೊದಲ ಕನ್ನಡ ಸಿನಿಮಾಗೇ ದೆಹಲಿಯ ಅಂತಾರಾಷ್ಟ್ರೀಯ ಚಿತ್ರೋತ್ಸವದಲ್ಲಿ ಬೆಸ್ಟ್ ಆ್ಯಕ್ಟರ್ ಪ್ರಶಸ್ತಿ. ಹಿಂಗೆ ಶುರುವಾದವ್ರು ಆರ್ಟ್ ಸಿನಿಮಾದಲ್ಲೇ ಉಳ್ಕೋತಾರೆ ಅಂತ ಯಾರಾದ್ರೂ ಅಂದ್ಕೋತಾರೆ ತಾನೇ? 1980ಕ್ಕೆ ನೋಡಿದ್ರೆ ಖಾಕಿ ಹಾಕ್ಕೊಂಡು ಆಟೋ ರಾಜ!

ಅದೇ 1980ರಲ್ಲೇ ಇನ್ನೊಂದು ಕಡೆ 'ಮಿಂಚಿನ ಓಟ'. ಅವ್ರ ಮೊದಲ ಡೈರೆಕ್ಷನ್, ಅಣ್ಣ ತಮ್ಮ ಸೇರಿ ಮಾಡಿದ್ದು, ಕಾರು ಕಳ್ಳರು ಜೈಲಿಂದ ತಪ್ಪಿಸ್ಕೊಳ್ಳೋ ಕಥೆ. ಸಬ್ಜೆಕ್ಟ್ ಪಕ್ಕಾ ಥ್ರಿಲ್ಲರ್, ಆದ್ರೆ ಲೋಕನಾಥ್, ರಮೇಶ್ ಭಟ್ ಥರ ನಾಟಕದಿಂದ ಬಂದವ್ರು ಇದ್ದಿದ್ರಿಂದ ಒಂದೊಂದು ಸೀನಲ್ಲೂ ಆ್ಯಕ್ಟಿಂಗ್ ತೂಕವಾಗೇ ಇದೆ. ಆಮೇಲೆ 'ಜನ್ಮ ಜನ್ಮದ ಅನುಬಂಧ', 'ಗೀತಾ', ಈ ಹಾಡುಗಳ ಬಗ್ಗೆ ನಾನು ಬೇರೆ ಹೇಳ್ಬೇಕಾಗಿಲ್ಲ ಬಿಡಿ.

ಡೈರೆಕ್ಟರ್ ಆಗಿ ಅವ್ರ ಬೆಸ್ಟ್ ಯಾವುದು ಅಂದ್ರೆ ನನ್ನ ಓಟು 'ಆ್ಯಕ್ಸಿಡೆಂಟ್'ಗೆ. ಕುಡಿದು ಕಾರು ಓಡಿಸೋ ರಾಜಕಾರಣಿ ಮಗ ಫುಟ್‌ಪಾತ್ ಮೇಲೆ ಮಲಗಿದ್ದವರ ಮೇಲೆ ಹತ್ತಿಸ್ಬಿಡ್ತಾನೆ, ಅಪ್ಪ ಕೇಸ್ ಮುಚ್ಚಿಹಾಕೋಕೆ ನೋಡ್ತಾನೆ. ಅಪ್ಪನ ಪಾತ್ರ ಅನಂತ್ ನಾಗ್, ಸತ್ಯ ಹುಡುಕೋ ಪತ್ರಕರ್ತ ಶಂಕರ್. ಹಾಡೇ ಇಲ್ಲ ಇದರಲ್ಲಿ, ಆ ಕಾಲಕ್ಕೆ ಅದೇ ದೊಡ್ಡ ಧೈರ್ಯ. ಸಾಮಾಜಿಕ ವಿಷಯದ ಸಿನಿಮಾ ಅಂತ ರಾಷ್ಟ್ರಪ್ರಶಸ್ತಿನೂ ಬಂತು. 1987ರಲ್ಲಿ ರಾಜ್‌ಕುಮಾರ್ ಅವ್ರನ್ನ ಹಾಕ್ಕೊಂಡು ಮಾಡಿದ 'ಒಂದು ಮುತ್ತಿನ ಕಥೆ' ಮಾತ್ರ ಅಂದ್ಕೊಂಡಷ್ಟು ಓಡ್ಲಿಲ್ಲ.

ಇಷ್ಟರ ಮಧ್ಯೆ ನಾಟಕ ಬಿಟ್ಟಿರ್ತಾರೆ ಅಂದ್ಕೊಂಡ್ರೆ ಅದೂ ಇಲ್ಲ. 'ಸಂಕೇತ್' ಅಂತ ತಂಡ ಇತ್ತು, ಅಂಜುಮಲ್ಲಿಗೆ, ಬ್ಯಾರಿಸ್ಟರ್, ಸಂಧ್ಯಾಛಾಯಾ, ನೋಡಿ ಸ್ವಾಮಿ ನಾವಿರೋದು ಹೀಗೆ, ನಾಗಮಂಡಲ ಎಲ್ಲ ಆಡಿದ್ರು. ಹೆಚ್ಚುಕಮ್ಮಿ ಒಂದೇ ಬಳಗ ಸ್ಟೇಜಲ್ಲೂ ಇರೋದು ಸಿನಿಮಾದಲ್ಲೂ ಇರೋದು. ಎರಡು ಪಾರ್ಟಿಯವ್ರೂ ಮರೆಯೋದು ಇದನ್ನೇ ಅನ್ಸುತ್ತೆ ನಂಗೆ, ಶಂಕರಣ್ಣನಿಗೆ ಸಿನಿಮಾ ಅಂದ್ರೂ ನಾಟಕದ ತಂಡದ ಥರನೇ, ಮಾಸ್ ಪಿಕ್ಚರಿನ ಹೆಸರು, ಮಾರ್ಕೆಟ್ಟು ಇದ್ದಿದ್ರಿಂದಲೇ ಉಳಿದ ಆಸೆಗಳಿಗೆ ದಾರಿ ಆಯ್ತು.

ಮಾಲ್ಗುಡಿ ಡೇಸ್ ಇದಕ್ಕೆ ಸಾಕ್ಷಿ. ಆರ್.ಕೆ. ನಾರಾಯಣ್ ಕಥೆಗಳು, ದೂರದರ್ಶನಕ್ಕೆ, 1986ರಲ್ಲಿ ಶುರು. ಮಲೆನಾಡಿನ ಆಗುಂಬೆಯ ಬೀದಿನೇ ಮಾಲ್ಗುಡಿ ಮಾಡ್ಬಿಟ್ರು. ಮೊದಲ 13 ಎಪಿಸೋಡ್ ಹಿಂದಿ, ಇಂಗ್ಲಿಷ್ ಎರಡರಲ್ಲೂ ಮಾಡಿದ್ದು. ಸ್ವಾಮಿ ಆಗಿ ಮಾಸ್ಟರ್ ಮಂಜುನಾಥ್, ಅಪ್ಪ ಗಿರೀಶ್ ಕಾರ್ನಾಡ್, ಅಮ್ಮ ವೈಶಾಲಿ ಕಾಸರವಳ್ಳಿ. ಗಮನ ಇಟ್ಟು ನೋಡಿ, ಒಂದು ಕಥೆಯಲ್ಲಿ ಕಂಡ ನಟ ಇನ್ನೊಂದರಲ್ಲಿ ಬೇರೆ ಯಾರೋ ಆಗಿ ಬರ್ತಾನೆ, ಒಂದೇ ತಂಡ ಎಲ್ಲ ನಾಟಕ ಆಡೋ ಥೇಟ್ ರೆಪರ್ಟರಿ ಪದ್ಧತಿ. ಒಂದು ಎಪಿಸೋಡಲ್ಲಂತೂ ವಿಷ್ಣುವರ್ಧನ್, ಮಗಳನ್ನ ಸಿನಿಮಾಗೆ ಕರ್ಕೊಂಡು ಹೋಗೋಕೂ ಆಫೀಸಿಂದ ಬಿಡುವು ಸಿಗದ ಗುಮಾಸ್ತ. ಅಂಥ ಸ್ಟಾರ್ ಹಂಗೆ ಕೂತು ಫೈಲ್ ನೋಡ್ತಿರೋದನ್ನ ನೋಡೋದೇ ಒಂದು ಮಜಾ.

1990ರ ಸೆಪ್ಟೆಂಬರ್ 30, ದಾವಣಗೆರೆ ಹತ್ರ ಆನಗೋಡು. 'ಜೋಕುಮಾರಸ್ವಾಮಿ' ಸಿನಿಮಾ ಕೆಲಸಕ್ಕೆ ಹೋಗ್ತಿದ್ದಾಗ ಕಾರು ಅಪಘಾತ, ವಯಸ್ಸು 35. ಜೊತೆಗಿದ್ದ ಅರುಂಧತಿ ಅವ್ರಿಗೂ ಭಾರಿ ಪೆಟ್ಟಾಗಿತ್ತು. ಅವ್ರು ಚೇತರಿಸ್ಕೊಂಡು, ವರ್ಷಗಟ್ಟಲೆ ಓಡಾಡಿ ಬೆಂಗಳೂರು ಜೆ.ಪಿ. ನಗರದಲ್ಲಿ ರಂಗಶಂಕರ ಅನ್ನೋ ರಂಗಮಂದಿರ ಕಟ್ಟಿಸಿದ್ರು, 2004ರಲ್ಲಿ ಬಾಗಿಲು ತೆಗೀತು. ದಿನಕ್ಕೊಂದು ನಾಟಕ ಅನ್ನೋದು ಅಲ್ಲಿನ ಲೆಕ್ಕ, ಟೈಮಿಗೆ ಬರದಿದ್ರೆ ಎಂಥ ದೊಡ್ಡ ಮನುಷ್ಯನಾದ್ರೂ ಒಳಗೆ ಬಿಡಲ್ಲ.