ಲರ್ಕರ್: ಸುಮ್ನೆ ನೋಡಿ ಹೋಗುವವರು

ಕಲಬುರಗಿಯ ನಮ್ಮ ವಾಟ್ಸಾಪ್ ಫೋಟೋ ಗುಂಪಿನಲ್ಲಿ ಇನ್ನೂರು ಚಿಲ್ಲರೆ ಜನ ಇದ್ದೇವೆ. ಕಳೆದ ವಾರ ಪೂರ್ತಿ ಬಂದದ್ದು ಎರಡೇ ಫೋಟೋ, ಅದಕ್ಕೆ ಮೂರು ಹೆಬ್ಬೆರಳು. ಗುಂಪು ಬಿಟ್ಟು ಯಾರೂ ಹೋಗಿಲ್ಲ. ಎಲ್ಲರೂ ನೋಡುತ್ತಾರೆ, ಯಾರೂ ಮಾತಾಡುವುದಿಲ್ಲ. ಹೀಗೆ ನೋಡಿ ಹೋಗುವವರಿಗೆ ಇಂಟರ್‌ನೆಟ್ಟಿನಲ್ಲಿ ಒಂದು ಹೆಸರಿದೆ: ಲರ್ಕರ್.

ಲರ್ಕ್ ಅಂದರೆ ಮರೆಯಲ್ಲಿ ಹೊಂಚು ಹಾಕಿ ಕೂರುವುದು. ಆನ್‌ಲೈನ್ ಹರಟೆ ಶುರುವಾದ 1980ರ ದಶಕದಿಂದಲೇ, ಓದುತ್ತಾ ಕೂತು ಏನೂ ಬರೆಯದವರಿಗೆ ಈ ಹೆಸರು ಅಂಟಿಕೊಂಡಿತು. ನನಗೆ ಈ ಪದ ಅಷ್ಟು ಹಿಡಿಸುವುದಿಲ್ಲ. ಕಟ್ಟೆಯ ಮೇಲೆ ನಾಲ್ಕು ಜನ ಮಾತಾಡುವಾಗ ಪಕ್ಕದಲ್ಲಿ ನಿಂತು ಕೇಳುವವನು ಕಳ್ಳನಲ್ಲ, ಅಲ್ವಾ?

ಲರ್ಕರ್‌ಗಳ ಬಗ್ಗೆ ಒಂದು ಪ್ರಸಿದ್ಧ ಅಂದಾಜು ಇದೆ. 2006ರಲ್ಲಿ ಯಾಕೊಬ್ ನೀಲ್ಸನ್ ಎಂಬ ವೆಬ್ ಬಳಕೆಯ ತಜ್ಞರು 90-9-1 ಎಂಬ ಸೂತ್ರ ಬರೆದರು. ನೂರು ಜನರ ಗುಂಪಿದ್ದರೆ 90 ಜನ ಬರೀ ನೋಡುತ್ತಾರೆ. 9 ಜನ ಆಗೀಗ ಒಂದು ಮಾತು ಹೇಳುತ್ತಾರೆ. ಉಳಿದ ಒಬ್ಬರೇ ಹೆಚ್ಚಿನದನ್ನೆಲ್ಲ ಹಾಕುತ್ತಾರೆ. ಎಲ್ಲ ಗುಂಪಿಗೂ ಇದೇ ಲೆಕ್ಕ ಕೂಡುವುದಿಲ್ಲ. ಆದರೆ ನಮ್ಮ ಗುಂಪಿಗೆ ಇಟ್ಟು ನೋಡಿ: ಇನ್ನೂರರಲ್ಲಿ ಇಬ್ಬರು! ಅವರಲ್ಲಿ ಒಬ್ಬರಿಗೆ ಬೆಂಗಳೂರಿನಲ್ಲಿ ಕೆಲಸ ಸಿಕ್ಕರೆ ಅರ್ಧ ಗುಂಪು ಖಾಲಿಯಾದಂತೆ.

ನನ್ನ ಪ್ರಕಾರ ಗುಂಪಿನ ಜೀವ ಇರುವುದು ಆ ಒಬ್ಬರಲ್ಲಿ ಅಲ್ಲ, ಆ 9 ಜನರಲ್ಲಿ. ಇದನ್ನು ನಾನು ಕಲಬುರಗಿ ಕೋಟೆಯೊಳಗಿನ ಜಾಮಾ ಮಸೀದಿಯ ಫೋಟೋ ಹಾಕಿ ಕಲಿತೆ. 1367ರ ಕಟ್ಟಡ ಅದು. ಒಳಗೆ ತೆರೆದ ಅಂಗಳವೇ ಇಲ್ಲ, ಇಡೀ ಮಸೀದಿಗೆ ಗುಮ್ಮಟಗಳ ಸೂರು. ಕಮಾನಿನ ಹಿಂದೆ ಕಮಾನು, ಬೆಳಕು ಕಡಿಮೆ. ನನ್ನ ಫೋಟೋ ಅಲುಗಿತ್ತು. ಗುಂಪಿನ ಹಿರಿಯರೊಬ್ಬರು ಕೆಳಗೆ ಬರೆದರು: "ಕಂಬಕ್ಕ ಬೆನ್ನು ಕೊಟ್ಟು ನಿಂದ್ರು, ಅರ್ಧ ಉಸಿರು ಬಿಟ್ಟು ಕ್ಲಿಕ್ ಮಾಡು. ಎಡಗಡೆ ಕಮಾನು ವಾಲ್ಯಾದ, ನೋಡ್ಕೋ." ಮುಂದಿನ ಭಾನುವಾರ ಮತ್ತೆ ಹೋದೆ. ಅವರು ಬರೆಯದೆ ಹೋಗಿದ್ದರೆ ಮತ್ತೆ ಹೋಗುತ್ತಿರಲಿಲ್ಲ, ಎರಡನೇ ಫೋಟೋ ಹಾಕುತ್ತಲೂ ಇರಲಿಲ್ಲ.

ಇಂಥ ಮಾತು ಕಡಿಮೆಯಾಗಿದ್ದು ನಮ್ಮ ಊರಲ್ಲಿ ಮಾತ್ರ ಅಲ್ಲ. 2004ರಲ್ಲಿ ಶುರುವಾದ ಫ್ಲಿಕರ್ ಎಂಬ ಫೋಟೋ ತಾಣದಲ್ಲಿ ಫೋಟೋ ಜೊತೆಗೆ ಶಟರ್ ವೇಗ (ಬೆಳಕು ಎಷ್ಟು ಹೊತ್ತು ಒಳಬಂತು), ಅಪರ್ಚರ್ (ಲೆನ್ಸಿನ ಕಂಡಿ ಎಷ್ಟು ತೆರೆದಿತ್ತು), ಐಎಸ್‌ಒ (ಬೆಳಕಿಗೆ ಕ್ಯಾಮೆರಾ ಎಷ್ಟು ಸೂಕ್ಷ್ಮ) ಎಲ್ಲ ಕಾಣುತ್ತಿತ್ತು. ಅದನ್ನು ನೋಡಿದರೆ ಕೇಳಲು ಪ್ರಶ್ನೆ ಹುಟ್ಟುತ್ತಿತ್ತು. 2010ರಲ್ಲಿ ಇನ್‌ಸ್ಟಾಗ್ರಾಂ ಬಂತು. ಎರಡು ಸಲ ತಟ್ಟಿದರೆ ಸಾಕು, ಹೃದಯ ಮೂಡುತ್ತದೆ. ಮೊದಲು ಒಂದು ಸಾಲು ಬರೆಯುತ್ತಿದ್ದವರಿಗೂ ಅದೇ ಸುಲಭವಾಯಿತು. ನಾವೆಲ್ಲ ವಾಟ್ಸಾಪ್‌ಗೆ ಬಂದೆವು. ಅಲ್ಲಿ ಸುಮ್ನೆ ಫೋಟೋ ಕಳಿಸಿದರೆ ಅದು ಕುಗ್ಗುತ್ತದೆ, ಶಟರ್ ವೇಗದ ವಿವರ ಅಳಿಸಿಹೋಗುತ್ತದೆ. ಇನ್ನು ಏನಂತ ಕೇಳುವುದು? ಕೇಳುವ ಹೊಸಬರೂ ಕಮ್ಮಿಯಾದರು. ಜಪಾನಿನ ಕ್ಯಾಮೆರಾ ತಯಾರಕರ ಸಂಘದ ಲೆಕ್ಕದಲ್ಲಿ 2010ರಲ್ಲಿ ಸುಮಾರು 12 ಕೋಟಿ ಡಿಜಿಟಲ್ ಕ್ಯಾಮೆರಾ ಮಾರುಕಟ್ಟೆಗೆ ಹೋಗಿದ್ದವು. 2023ರಲ್ಲಿ 80 ಲಕ್ಷವೂ ಇಲ್ಲ. ಮೊಬೈಲ್ ಫೋಟೋ ತಾನೇ ಸರಿ ಮಾಡಿ ಕೊಡುವಾಗ ಅಪರ್ಚರ್ ಅಂದರೇನು ಅಂತ ಕೇಳುವ ಗರಜು ಯಾರಿಗೂ ಬೀಳುವುದಿಲ್ಲ.

ಆದರೂ ನೋಡುವವರನ್ನು ಬೈಯಲು ನನಗೆ ಮನಸ್ಸಿಲ್ಲ. ಬೀದರಿನಲ್ಲಿ ಬಿದ್ರಿ ಕೆಲಸದ ಕಾರ್ಖಾನೆಯೊಳಗೆ ಹೋಗಿ ನೋಡಿ. ಸತು, ತಾಮ್ರ ಸೇರಿಸಿ ಎರಕ ಹೊಯ್ಯುತ್ತಾರೆ. ಉಜ್ಜಿ ನಯ ಮಾಡುತ್ತಾರೆ. ಉಳಿಯಿಂದ ಕೆತ್ತಿ ಬೆಳ್ಳಿ ತಂತಿ ಕೂರಿಸುತ್ತಾರೆ. ಕೊನೆಗೆ ಬೀದರ್ ಕೋಟೆಯ ಮಣ್ಣು, ನವಸಾಗರ ಎಂಬ ಲವಣ ಹಾಕಿದ ನೀರಿನಲ್ಲಿ ಅದ್ದಿದರೆ ಲೋಹ ಕಪ್ಪಾಗುತ್ತದೆ, ಬೆಳ್ಳಿ ಹಾಗೇ ಹೊಳೆಯುತ್ತದೆ. ಇಂಥ ಕೆಲಸಕ್ಕೆ ಬಂದವನು ಮೊದಲ ದಿನವೇ ಬೆಳ್ಳಿ ಮುಟ್ಟುವುದಿಲ್ಲ. ಮೂಲೆಯಲ್ಲಿ ಕೂತು ನೋಡುತ್ತಾನೆ. ಅವನೂ ಲರ್ಕರ್ರೇ. ಹೀಗೆ ಅಂಚಿನಲ್ಲಿ ಕೂತು ನೋಡುವುದೂ ಕೆಲಸದಲ್ಲಿ ಪಾಲುಗೊಳ್ಳುವ ಒಂದು ಬಗೆ ಅಂತ ಕಲಿಕೆಯ ಬಗ್ಗೆ ಅಧ್ಯಯನ ಮಾಡಿದ ಜೀನ್ ಲೇವ್ ಮತ್ತು ಎಟಿಯೆನ್ ವೆಂಗರ್ 1991ರಲ್ಲೇ ಹೇಳಿದ್ದಾರೆ.

ಕಾರ್ಖಾನೆಗೂ ಗುಂಪಿಗೂ ಒಂದು ವ್ಯತ್ಯಾಸ ಇದೆ. ಅಲ್ಲಿ ಹುಡುಗ ನೋಡುತ್ತಿರುವುದು ಉಸ್ತಾದರಿಗೆ ಕಾಣುತ್ತದೆ. ಒಂದು ದಿನ ಕರೆದು ಕೈಗೆ ಅರ ಕೊಡುತ್ತಾರೆ, ಇದನ್ನು ಉಜ್ಜು ಅನ್ನುತ್ತಾರೆ. ಗುಂಪಿನಲ್ಲಿ ಕಣ್ಣಿಗೆ ಬೀಳುವುದು ಎರಡು ನೀಲಿ ಗೀಟು ಅಷ್ಟೇ. ಯಾರು ತಡೆದು ನೋಡಿದರು, ಯಾರು ಸುಮ್ನೆ ದಾಟಿ ಹೋದರು, ಗೊತ್ತಾಗುವುದಿಲ್ಲ. ಯಾರೂ ಇಲ್ಲವೇನೋ ಅಂದುಕೊಂಡು ಫೋಟೋ ಹಾಕುವವರೂ ಕೈಬಿಡುತ್ತಾರೆ.

ಮೊನ್ನೆ ಬೀದರಿಗೆ ಹೋಗಿದ್ದೆ. ಮಹಮೂದ್ ಗವಾನ್ ಮದರಸಾದ ಉಳಿದಿರುವ ಒಂದು ಮಿನಾರ್ ಮೇಲೆ ಬೆಳಗಿನ ಬಿಸಿಲು ಬಿದ್ದಿತ್ತು. ಬಣ್ಣದ ಹೆಂಚುಗಳು ಅಲ್ಲಲ್ಲಿ ಮಿಂಚುತ್ತಿದ್ದವು. ಎರಡು ಫೋಟೋ ತೆಗೆದೆ. ಗುಂಪಿಗೆ ಹಾಕಲಿಲ್ಲ. ಮೂರು ವರ್ಷದಿಂದ ಒಂದು ಮಾತೂ ಆಡದ ಯಾದಗಿರಿಯ ಹುಡುಗನೊಬ್ಬನಿಗೆ ನೇರವಾಗಿ ಕಳಿಸಿದೆ. "ಇವೆರಡರಾಗ ಯಾವುದು ಛಲೋ ಅದಪ್ಪಾ?" ಅಂತ ಕೇಳಿದೆ.

ಹತ್ತು ನಿಮಿಷಕ್ಕೆ ಉತ್ತರ ಬಂತು. "ಎರಡನೇದು ಅಣ್ಣಾ. ಮೊದಲನೇದ್ರಾಗ ಮಿನಾರ್ ತುದಿಗಿ ಜಾಗಾ ಸಾಲಿಲ್ಲ. ಹೋದ ವರ್ಷ ಹಫ್ತ್ ಗುಂಬಜ್ ಫೋಟೋದಾಗೂ ನಿಮಗ ಹಿಂಗೇ ಆಗಿತ್ತು."