ಓದಲು ಬರದ ಅವ್ವನಿಗೆ ಎಐನಿಂದ ಏನು ಉಪಯೋಗ?

ಪ್ರಶ್ನೆ: ನಮ್ಮವ್ವಗ ಓದಾಕ ಬರೂದಿಲ್ಲರಿ. ಈ ಎಐ ಅಂತಾರಲ್ಲ, ಅದು ಆಕಿಗೇನಾರ ಉಪಯೋಗಕ್ಕ ಬರ್ತೈತೇನು? ನಮ್ಮ ಕಡೆ ಮಾತು ಅದಕ್ಕ ತಿಳೀತೈತೇನು?
– ಬನಹಟ್ಟಿಯ ಓದುಗರೊಬ್ಬರು

ಉತ್ತರ: ಬರ್ತೈತ್ರಿ. ನನ್ನ ಕೇಳಿದರೆ, ಓದಿದವರಿಗಿಂತ ಓದಲು ಬರದವರಿಗೇ ಇದರ ಲಾಭ ಹೆಚ್ಚು. ನಮಗೆ ಅದು ಹತ್ತು ನಿಮಿಷ ಉಳಿಸಬಹುದು, ಅಷ್ಟೇ. ನಿಮ್ಮ ಅವ್ವನಿಗೆ ಕಾಗದ ಹಿಡಿದು ಓಣಿಯ ಹುಡುಗರನ್ನು ಹುಡುಕಿಕೊಂಡು ಹೋಗುವುದೇ ತಪ್ಪುತ್ತದೆ.

ಗೃಹಲಕ್ಷ್ಮಿಯ 2,000 ರೂಪಾಯಿ ಜಮಾ ಆದರೆ ಬ್ಯಾಂಕಿನಿಂದ ಮೆಸೇಜು ಬರುತ್ತದೆ, ಅದೂ ಬಹಳಷ್ಟು ಸಲ ಇಂಗ್ಲಿಷಿನಲ್ಲಿ. ಫೋಟೊದಲ್ಲಿರುವ ಅಕ್ಷರ ಗುರುತಿಸುವ ಗೂಗಲ್ ಲೆನ್ಸ್ ಎಂಬ ಆ್ಯಪ್‌ನಲ್ಲಿ ಅದನ್ನು ತೋರಿಸಿದರೆ ಕನ್ನಡಕ್ಕೆ ತರುತ್ತದೆ, ಓದಿಯೂ ಹೇಳುತ್ತದೆ. ನಿಮ್ಮ ಭಾಗದವರು ದವಾಖಾನೆಗೆಂದು ಮಹಾರಾಷ್ಟ್ರದ ಮಿರಜಕ್ಕೆ ಹೋಗುವುದು ಹೊಸದಲ್ಲ. ಅಲ್ಲಿಂದ ತಂದ ಮರಾಠಿ, ಇಂಗ್ಲಿಷ್ ಕಾಗದಗಳಿಗೂ ಇದೇ ದಾರಿ. ಆದರೆ ಅಚ್ಚಾದ ಅಕ್ಷರಕ್ಕೆ ಮಾತ್ರ. ಡಾಕ್ಟರರು ಗೀಚಿದ ಚೀಟಿಯ ಮುಂದೆ ಎಐ ಕೂಡ ನಮ್ಮಂತೆಯೇ ತಡವರಿಸುತ್ತದೆ. ನಾವಾದರೆ ತಿಳಿಯಲಿಲ್ಲ ಅನ್ನುತ್ತೇವೆ, ಅದು ಏನೋ ಒಂದು ಊಹಿಸಿ ಧೈರ್ಯವಾಗಿ ಹೇಳಿಬಿಡಬಹುದು. ಗುಳಿಗೆ ಎಷ್ಟು, ಯಾವಾಗ ಎಂಬುದನ್ನು ಔಷಧಿ ಅಂಗಡಿಯವರನ್ನೇ ಕೇಳಿ.

ಇನ್ನು ಮಾತಿನ ವಿಷಯ. ಯಂತ್ರ ಕನ್ನಡ ಕಲಿಯುವುದು ವ್ಯಾಕರಣ ಓದಿ ಅಲ್ಲ. ಜನರ ಧ್ವನಿ ಮುದ್ರಿಸಿ, ಅವರು ಹೇಳಿದ್ದನ್ನು ಅಕ್ಷರದಲ್ಲಿ ಬರೆದು, ಎರಡನ್ನೂ ಜೋಡಿಸಿ ರಾಶಿಗಟ್ಟಲೆ ಕೊಡುತ್ತಾರೆ. ಯಾವ ಸದ್ದಿಗೆ ಯಾವ ಪದ ಎಂಬುದು ಅದಕ್ಕೆ ಕೇಳಿ ಕೇಳಿಯೇ ರೂಢಿಯಾಗುತ್ತದೆ. ಹೀಗಾಗಿ ಯಾರ ಧ್ವನಿ ಹೆಚ್ಚು ಕಿವಿಗೆ ಬಿದ್ದಿದೆಯೋ ಅವರ ಮಾತು ಸಲೀಸು. ವಾರ್ತೆ ಓದುವವರ ಕನ್ನಡ ಥಟ್ಟನೆ ತಿಳಿಯುತ್ತದೆ, ಮರಾಠಿ ಬೆರೆತ ನಮ್ಮ ಬಿರುಸಿನ ಮಾತಿಗೆ ಅಲ್ಲಲ್ಲಿ ಎಡವುತ್ತದೆ.

ಇದನ್ನು ಸರಿಪಡಿಸುವ ಕೆಲಸವೂ ನಡೆದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಎಐ, ರೋಬೋಟ್‌ಗಳ ಮೇಲೆ ಕೆಲಸ ಮಾಡುವ ಆರ್ಟ್‌ಪಾರ್ಕ್, ಗೂಗಲ್ ನೆರವಿನಿಂದ ನಡೆಸುತ್ತಿರುವ ‘ವಾಣಿ’ ಯೋಜನೆ ದೇಶದ ಜಿಲ್ಲೆ ಜಿಲ್ಲೆಯ ಮಾತನ್ನು ಮುದ್ರಿಸಿಕೊಳ್ಳುತ್ತಿದೆ. ಅವರ ರೀತಿ ನನಗೆ ಬಹಳ ಹಿಡಿಸಿತು: ಒಂದು ಚಿತ್ರ ತೋರಿಸಿ, ಕಂಡದ್ದನ್ನು ಹೇಳಿ ಅನ್ನುತ್ತಾರೆ. ಬರೆದದ್ದನ್ನು ಓದಿಸಿದರೆ ಎಲ್ಲರೂ ಸಾಲಿಯ ಕನ್ನಡಕ್ಕೆ ತಿರುಗುತ್ತಾರೆ. ಚಿತ್ರ ನೋಡಿ ಹೇಳುವಾಗ ಮನೆಯ ಮಾತೇ ಬಾಯಿಗೆ ಬರುತ್ತದೆ. ಓದಲು ಬಾರದವರೂ ಧ್ವನಿ ಕೊಡಬಹುದು, ಅದು ಇನ್ನೂ ದೊಡ್ಡದು.

ಸದ್ಯಕ್ಕೆ ಅವ್ವನಿಗೆ ಇಷ್ಟು ಹೇಳಿಕೊಡಿ. ಫೋನಿನ ಮುಂದೆ ಬರೀ ‘ಮಳಿ’ ಅಂದು ಬಿಡಬಾರದು, ‘ನಾಳೆ ಜಮಖಂಡಿ ಕಡೆ ಮಳಿ ಬರ್ತೈತೇನು’ ಅಂತ ಪೂರ್ತಿ ಕೇಳಬೇಕು. ಒಂದು ಪದ ಸರಿಯಾಗಿ ಕೇಳಿಸದಿದ್ದರೂ ಅಕ್ಕಪಕ್ಕದ ಪದ ನೋಡಿ ಎಐ ಅದನ್ನು ಹೊಂದಿಸಿಕೊಳ್ಳುತ್ತದೆ. ಬೆಂಗಳೂರಿನವರ ಹಾಗೆ ಮಾತಾಡುವ ಗೊಡವೆ ಬೇಡ. ಮನೆಯಲ್ಲಿ ಪವರ್‌ಲೂಮ್ ನಡೆಯುತ್ತಿದ್ದರೆ ಮಾತ್ರ ಫೋನ್ ಹಿಡಿದು ಹೊರಗೆ ಬರಲಿ, ಆ ಸದ್ದಿನಲ್ಲಿ ಮನುಷ್ಯರಿಗೇ ಕೇಳಿಸುವುದಿಲ್ಲ.

ಫೋನಿನ ಕೀಬೋರ್ಡಿಗೆ ಕನ್ನಡ ಸೇರಿಸಿ, ಮೈಕಿನ ಗುರುತು ಎಲ್ಲಿದೆ ಎಂದು ನೀವೇ ಒಮ್ಮೆ ತೋರಿಸಿ. ಪಿನ್ನು, ಒಟಿಪಿ ಮಾತ್ರ ಅದರ ಮುಂದೆ ಹೇಳಬಾರದು ಅಂತ ಅದೇ ಹೊತ್ತಿಗೆ ತಿಳಿಸಿಬಿಡಿ.